ಪಕ್ಕದಲ್ಲಿ ಯಾರೋ ಇದ್ದಾಗ ಮಾತ್ರ ಕೆಂಪಾಗುವ ಬ್ಯಾಕ್ಟೀರಿಯಾ

ಪ್ರಾಜೆಕ್ಟ್ ಸೀಸನ್ ಬಂತೆಂದರೆ ನಮ್ಮ ಲ್ಯಾಬಿನ ಕಡಪ ಕಲ್ಲಿನ ಬೆಂಚಿನ ತುಂಬ ಮಣ್ಣು. ಎಂ.ಎಸ್ಸಿ. ಎರಡನೇ ವರ್ಷದ ಮಕ್ಕಳು ಊರಿಗೆ ಹೋಗಿ ಬರುವಾಗ ಜಿಪ್‌ಲಾಕ್ ಕವರಿನಲ್ಲಿ ಒಂದೊಂದು ಹಿಡಿ ತುಂಬಿಕೊಂಡು ಬರುತ್ತಾರೆ. ಮಾಗಡಿಯ ರಾಗಿ ಹೊಲದ್ದು, ತಿಪಟೂರಿನ ತೆಂಗಿನ ತೋಟದ್ದು, ನೆಲಮಂಗಲದ ಕಡೆಯ ಕೆರೆ ಅಂಗಳದ್ದು, ತುರಹಳ್ಳಿ ಕಾಡಿನ ಬಂಡೆ ಸಂದಿಯದ್ದು. ಕವರಿನ ಮೇಲೆ ಊರು, ತಾರೀಕು, ಎಷ್ಟು ಆಳದಿಂದ ತೆಗೆದದ್ದು ಎಂದು ಬರೆದಿರಬೇಕು. ಬರೆದಿಲ್ಲದಿದ್ದರೆ ಆ ಕವರನ್ನು ನಾನು ತೆಗೆದುಕೊಳ್ಳುವುದಿಲ್ಲ, ಎಷ್ಟೇ ದೂರದಿಂದ ತಂದಿದ್ದರೂ.

ಬೆಂಗಳೂರಿನ ದಕ್ಷಿಣದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರ ಪಾಠ ಮಾಡುತ್ತೇನೆ. ಈ ಮಣ್ಣಿನಲ್ಲಿ ನಾವು ಹುಡುಕುವುದು ಹೆಚ್ಚಾಗಿ ಸ್ಟ್ರೆಪ್ಟೋಮೈಸಿಸ್ ಎಂಬ ಬ್ಯಾಕ್ಟೀರಿಯಾ ಕುಲವನ್ನು. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯ ಮುಖ್ಯ ಅಂಶ ಜಿಯೋಸ್ಮಿನ್. ಅದನ್ನು ಮಾಡುವವರಲ್ಲಿ ಇವರೇ ಪ್ರಮುಖರು. ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್, ಎರಿಥ್ರೋಮೈಸಿನ್ ಎಲ್ಲ ಈ ಬಳಗದಿಂದ ಬಂದ ಔಷಧಿಗಳು. ಮಣ್ಣನ್ನು ಒಣಗಿಸಿ, ನೀರಿನಲ್ಲಿ ಹಂತ ಹಂತವಾಗಿ ತೆಳು ಮಾಡಿ, ಸ್ಟಾರ್ಚ್ ಕೇಸೀನ್ ಅಗಾರ್ ಎಂಬ ಜೆಲ್ಲಿಯಂಥ ಆಹಾರದ ಮೇಲೆ ಹರಡಿದರೆ ವಾರದೊಳಗೆ ಸೀಮೆಸುಣ್ಣದ ಪುಡಿ ಚೆಲ್ಲಿದಂಥ ಒಣ ಕಾಲನಿಗಳು ಕಾಣಿಸಿಕೊಳ್ಳುತ್ತವೆ. ಲೂಪ್ ಎಂಬ ತಂತಿಯ ಕಡ್ಡಿಯಿಂದ ಎತ್ತಲು ಹೋದರೆ ಸುಲಭಕ್ಕೆ ಬರುವುದಿಲ್ಲ, ಅಗಾರನ್ನು ಕಚ್ಚಿ ಹಿಡಿದಿರುತ್ತವೆ. ಕೈಗೆ ಸಿಗುವ ಆ ಬಿಗಿತದಿಂದಲೇ ಮಕ್ಕಳು ಇದನ್ನು ಗುರುತು ಹಿಡಿಯಲು ಕಲಿಯುತ್ತಾರೆ.

ಆಮೇಲೆ ನಾವು ಮಾಡುವ ಕೆಲಸದ ಬಗ್ಗೆಯೇ ಇವತ್ತು ಬರೆಯಬೇಕೆನಿಸಿದ್ದು. ಒಂದೊಂದು ಕಾಲನಿಯನ್ನೂ ಪಕ್ಕದ್ದರಿಂದ ಬಿಡಿಸಿ, ಹೊಸ ಪ್ಲೇಟಿಗೆ ಹಾಕಿ, ಬೇರೇನೂ ಬೆರೆಯದಂತೆ ಕಾದು, ಶುದ್ಧ ಕಲ್ಚರ್ ಮಾಡಿಕೊಳ್ಳುತ್ತೇವೆ. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಕಾಲದಿಂದ, ಅಂದರೆ 1880ರ ದಶಕದಿಂದ ಇದೇ ನಮ್ಮ ಶಾಸ್ತ್ರದ ಮೊದಲ ಪಾಠ. ಯಾವ ರೋಗಾಣು ಯಾವ ರೋಗಕ್ಕೆ ಕಾರಣ ಎಂದು ಗೊತ್ತಾದದ್ದು ಈ ಪದ್ಧತಿಯಿಂದಲೇ. 1943ರಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಸ್ಟ್ರೆಪ್ಟೋಮೈಸಿನ್ ಕಂಡುಹಿಡಿದದ್ದೂ ಮಣ್ಣಿನ ಜೀವಿಗಳನ್ನು ಹೀಗೆ ಒಂದೊಂದಾಗಿ ಬಿಡಿಸಿ ನೋಡಿಯೇ. ಈ ದಾರಿಯ ಬಗ್ಗೆ ನನಗೆ ಗೌರವವಿದೆ. ಆದರೆ ಈ ದಾರಿಯಲ್ಲೇ ನಡೆದವರಿಗೆ ಕೆಲವು ದಶಕಗಳ ನಂತರ ಮತ್ತೆ ಮತ್ತೆ ಸಿಕ್ಕಿದ್ದು ಆಗಲೇ ಗೊತ್ತಿದ್ದ ಔಷಧಿಗಳೇ. ಮಣ್ಣು ಬರಿದಾಯಿತು ಎಂದುಕೊಂಡು ಎಷ್ಟೋ ದೊಡ್ಡ ಕಂಪನಿಗಳು ಈ ಹುಡುಕಾಟವನ್ನೇ ಬಿಟ್ಟವು.

ಬರಿದಾಗಿರಲಿಲ್ಲ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 2002ರಲ್ಲಿ. ಸ್ಟ್ರೆಪ್ಟೋಮೈಸಿಸ್ ಸೀಲಿಕಲರ್ ಎಂಬ ತಳಿಯ ಪೂರ್ತಿ ಜೀನೋಮ್ ಪ್ರಕಟವಾಯಿತು. ಸುಮಾರು 87 ಲಕ್ಷ ಅಕ್ಷರಗಳ ಡಿಎನ್‌ಎ, 7,825 ಜೀನ್‌ಗಳ ಅಂದಾಜು. ಅದರಲ್ಲಿ ವಿಶೇಷ ರಾಸಾಯನಿಕಗಳನ್ನು ತಯಾರಿಸುವ ಜೀನ್ ಗೊಂಚಲುಗಳು 20ಕ್ಕೂ ಹೆಚ್ಚು. ಎಷ್ಟೋ ವರ್ಷ ಜಗತ್ತಿನ ಅನೇಕ ಲ್ಯಾಬ್‌ಗಳಲ್ಲಿ ಬೆಳೆಸಿ, ಅರೆದು, ಬಸಿದು ನೋಡಿದ್ದ ಜೀವಿ ಅದು. ಅಷ್ಟಾದರೂ ಅದು ಮಾಡುತ್ತಿದ್ದದ್ದು ಎಂದು ಗೊತ್ತಿದ್ದ ರಾಸಾಯನಿಕಗಳು ಬೆರಳೆಣಿಕೆಯಷ್ಟು. ಉಳಿದ ಗೊಂಚಲುಗಳು ಇದ್ದವು, ಕೆಲಸ ಮಾಡುತ್ತಿರಲಿಲ್ಲ. ಆಮೇಲೆ ಓದಿದ ಬೇರೆ ಬೇರೆ ಸ್ಟ್ರೆಪ್ಟೋಮೈಸಿಸ್ ಮತ್ತು ಶಿಲೀಂಧ್ರಗಳ ಜೀನೋಮ್‌ಗಳಲ್ಲೂ ಇದೇ ಕಥೆ.

ಯಾಕೆ ಕೆಲಸ ಮಾಡುವುದಿಲ್ಲ ಎಂದು ಕ್ಲಾಸಿನಲ್ಲಿ ಕೇಳಿದಾಗ ನಾನು ವಠಾರದ ಉದಾಹರಣೆ ಕೊಡುತ್ತೇನೆ. ಚಾಮರಾಜಪೇಟೆಯ ಹಳೇ ವಠಾರಗಳನ್ನು ನೋಡಿದವರಿಗೆ ಗೊತ್ತು: ಒಂದು ನಲ್ಲಿ, ಒಂದು ಅಂಗಳ, ಹತ್ತು ಸಂಸಾರ. ನೀರು ಯಾರು ಮೊದಲು ಹಿಡಿಯಬೇಕು, ಹಗ್ಗದ ಮೇಲೆ ಯಾರ ಬಟ್ಟೆ, ಇಡೀ ದಿನ ಕೊಡುಕೊಳ್ಳುವಿಕೆ, ಜಗಳ, ರಾಜಿ. ಒಂದು ಚಿಟಿಕೆ ಮಣ್ಣಿನಲ್ಲೂ ಕೋಟಿಗಟ್ಟಲೆ ಜೀವಿಗಳು ಹೀಗೆಯೇ ಒತ್ತಿಕೊಂಡು ಇರುತ್ತವೆ. ಅಲ್ಲಿಂದ ಒಂದನ್ನೇ ಎತ್ತಿ, ಗ್ಲೂಕೋಸ್ ಮತ್ತು ಯೀಸ್ಟ್ ಸಾರ ತುಂಬಿದ ಫ್ಲಾಸ್ಕಿನಲ್ಲಿ ಒಂಟಿಯಾಗಿ ಕೂರಿಸಿದರೆ ಅದು ಯಾರಿಗೋಸ್ಕರ ಆಂಟಿಬಯಾಟಿಕ್ ಮಾಡಬೇಕು? ಒಂದು ಅಣು ಕಟ್ಟಲು ಎಷ್ಟೋ ಜೀನ್‌ಗಳು ಒಟ್ಟಿಗೆ ದುಡಿಯಬೇಕು, ಇಂಗಾಲ, ಸಾರಜನಕ, ಶಕ್ತಿ ಎಲ್ಲ ಸುರಿಯಬೇಕು. ಬೇಡದಿದ್ದಾಗ ಆ ಜೀನ್‌ಗಳನ್ನು ಮುಚ್ಚಿಟ್ಟುಕೊಳ್ಳುವ ನಿಯಂತ್ರಣ ಆ ಜೀವಿಗೆ ಇದೆ.

ಹಾಗಾದರೆ ಪಕ್ಕದವರನ್ನು ವಾಪಸ್ ಕರೆತಂದರೆ?

ಭವ್ಯಾ ಎಂಬ ಹುಡುಗಿಯ ಪ್ರಾಜೆಕ್ಟ್ ಇದೇ. ಮಾಗಡಿಯ ರಾಗಿ ಹೊಲದ ಮಣ್ಣಿನಿಂದ ಅವಳು ಎತ್ತಿದ ಒಂದು ಸ್ಟ್ರೆಪ್ಟೋಮೈಸಿಸ್ ಒಂಟಿಯಾಗಿದ್ದಾಗ ಬಹಳ ಸಾದಾ: ಮೇಲೆ ಬೂದು ಪುಡಿ, ಪ್ಲೇಟ್ ತಿರುಗಿಸಿ ಕೆಳಗಿನಿಂದ ನೋಡಿದರೆ ಹಾಲಿನ ಕೆನೆಯ ಬಣ್ಣ. ಅದೇ ಮಣ್ಣಿನಿಂದ ಸಿಕ್ಕ ಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾವನ್ನು ಅದರ ಪಕ್ಕದಲ್ಲಿ, ಒಂದು ಬೆರಳಿನ ಅಂತರ ಬಿಟ್ಟು ಗೀರಿದಳು. ಬ್ಯಾಸಿಲಸ್ ಓಡುವ ಜೀವಿ, ಅಗಾರಿನ ಮೇಲೆ ಬೇಗ ಹರಡುತ್ತದೆ. ಅದಕ್ಕೇ ಸ್ಟ್ರೆಪ್ಟೋಮೈಸಿಸ್ಸನ್ನು ಮೊದಲು ಹಾಕಿ, ಅದು ಊರಿಕೊಂಡ ಮೇಲೆ ಇದನ್ನು ಹಾಕಿದ್ದು. ಇದು ಇಂಥ ಪ್ರಯೋಗ ಮಾಡುವ ಅನೇಕರು ಅನುಸರಿಸುವ ಕ್ರಮ. ಒಟ್ಟಿಗೆ ಹಾಕಿದರೆ ಎರಡನೇ ದಿನಕ್ಕೇ ಬ್ಯಾಸಿಲಸ್ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಶನಿವಾರ ಮಧ್ಯಾಹ್ನ ನಮ್ಮ ಅಟೆಂಡರ್ ನಂಜಪ್ಪನವರು ಬಿಸಾಡುವ ಮುನ್ನ ಬಿಸಿ ಆವಿಯಲ್ಲಿ ಜೀವಿಗಳನ್ನು ಕೊಲ್ಲುವ ಆಟೋಕ್ಲೇವಿಗೆ ಹಾಕುವ ಪ್ಲೇಟುಗಳನ್ನು ಟ್ರೇನಲ್ಲಿ ಜೋಡಿಸಿಕೊಳ್ಳುತ್ತಿದ್ದರು. 

"ಮೇಡಂ, ಇದೂ ಬಿಸಾಕೋದಾ? ಎರಡೆರಡು ಬೆಳ್ಕೊಂಡ್ಬಿಟ್ಟೈತೆ, ಬಣ್ಣ ಬೇರೆ ಬಿಟ್ಟೈತೆ." 

"ಎಲ್ಲಿ ಬಣ್ಣ, ನಂಜಪ್ಪನವರೇ?" 

"ಹಿಂದ್ಗಡೆ ನೋಡಿ." 

ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಸ್ಟ್ರೆಪ್ಟೋಮೈಸಿಸ್ ಗೀರಿನ ಬ್ಯಾಸಿಲಸ್ ಕಡೆಯ ಅಂಚಿನಲ್ಲಿ ಮಾತ್ರ ಕುಂಕುಮದ ನೀರಿನಂಥ ಕೆಂಪು. ಆಚೆ ಅಂಚು ಹಾಗೇ ಕೆನೆ ಬಣ್ಣ. ನಡುವೆ ಕೆಂಪು ಕ್ರಮೇಣ ತೆಳುವಾಗುತ್ತಾ ಹೋಗಿತ್ತು. ಒಂದೇ ಜೀವಿ, ಒಂದೇ ಅಗಾರ್, ಒಂದೇ ಗೀರು. ಬೇರೆ ಇದ್ದದ್ದು ಯಾರ ಕಡೆ ಮುಖ ಮಾಡಿದೆ ಎಂಬುದಷ್ಟೇ.

ಭವ್ಯಾಳನ್ನು ಕರೆದು ತೋರಿಸಿದೆ. ಅವಳು ಕೆಂಪಿರುವ ಅಗಾರಿನ ಸಣ್ಣ ತುಂಡಿನ ಮೇಲೆ ಸೋಡಿಯಂ ಹೈಡ್ರಾಕ್ಸೈಡಿನ ಒಂದು ಹನಿ ಬಿಟ್ಟಳು. ನೀಲಿಯಾದರೆ ಆಕ್ಟಿನೊರೋಡಿನ್ ಎಂಬ ವರ್ಣದ್ರವ್ಯ ಇರಬಹುದು, ಅದು ಕ್ಷಾರದಲ್ಲಿ ನೀಲಿಗೆ ತಿರುಗುತ್ತದೆ. ನೀಲಿಯಾಗಲಿಲ್ಲ, ಹಳದಿಗೆ ಹೋಯಿತು. ಆಮ್ಲದ ಹನಿಗೆ ಮತ್ತೆ ಕೆಂಪು. ಇದು ಪ್ರೊಡಿಜಿಯೋಸಿನ್ ಗುಂಪಿನ ಲಕ್ಷಣ. ಆ ಗುಂಪಿನ ಅಣುಗಳು ಬ್ಯಾಕ್ಟೀರಿಯಾ ಮೇಲೂ, ಕ್ಯಾನ್ಸರ್ ಜೀವಕೋಶಗಳ ಮೇಲೂ ಪರಿಣಾಮ ಬೀರುವುದಕ್ಕೆ ಹೆಸರಾದವು. ಬಣ್ಣ ಬದಲಾದ ಮಾತ್ರಕ್ಕೆ ಅಣು ಯಾವುದೆಂದು ಹೇಳಿಬಿಡಲಾಗುವುದಿಲ್ಲ, ಆದರೆ ಮುಂದೆ ಎಲ್ಲಿ ನೋಡಬೇಕೆಂದು ತಿಳಿಯಿತು. ಕಾರ್ಕ್ ಬೋರರಿನಿಂದ ಕೆಂಪು ಅಂಚಿನಿಂದೊಂದು, ಕೆನೆ ಅಂಚಿನಿಂದೊಂದು ಬಿಲ್ಲೆ ಕತ್ತರಿಸಿ, ಬೇರೆ ಬ್ಯಾಕ್ಟೀರಿಯಾ ಹರಡಿದ ಪ್ಲೇಟಿನ ಮೇಲೆ ಇಟ್ಟಳು. ಮಾರನೆಯ ದಿನ ಕೆಂಪು ಬಿಲ್ಲೆಯ ಸುತ್ತ ಏನೂ ಬೆಳೆಯದ ಸ್ವಚ್ಛ ಉಂಗುರ, ಕೆನೆ ಬಿಲ್ಲೆಯ ಸುತ್ತ ಹೇಳಿಕೊಳ್ಳುವಂಥದ್ದೇನಿಲ್ಲ. ಅವಳು ಫೋಟೋ ತೆಗೆಯುವಾಗ ಕೈ ನಡುಗುತ್ತಿತ್ತು. ಆ ಸಂತೋಷ ನೋಡಲಿಕ್ಕೇ ನಾನು ಈ ಕೆಲಸದಲ್ಲಿರುವುದು.

ಜಗತ್ತಿನಲ್ಲಿ ಇದನ್ನು ಆಳವಾಗಿ ಬಿಡಿಸಿ ನೋಡಿದ ಕೆಲಸಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಜರ್ಮನಿಯ ಯೇನಾದಲ್ಲಿ ನಡೆದದ್ದು, 2009ರಲ್ಲಿ ಪ್ರಕಟವಾದದ್ದು. ಆಸ್ಪರ್ಜಿಲಸ್ ನಿಡುಲನ್ಸ್ ಎಂಬ ಬೂಷ್ಟನ್ನು ಮಣ್ಣಿನ 58 ಆಕ್ಟಿನೋಮೈಸೀಟ್‌ಗಳ (ಸ್ಟ್ರೆಪ್ಟೋಮೈಸಿಸ್ ಸೇರಿದ ಬ್ಯಾಕ್ಟೀರಿಯಾ ಬಳಗ) ಜೊತೆ ಒಂದೊಂದಾಗಿ ಬೆಳೆಸಿದರು. ಬೂಷ್ಟಿನ ಸುಮ್ಮನಿದ್ದ ಒಂದು ಜೀನ್ ಗೊಂಚಲನ್ನು ಎಬ್ಬಿಸಿದ್ದು ಆ 58ರಲ್ಲಿ ಒಂದೇ ಒಂದು. ಅದೂ ಇವೆರಡೂ ಒಂದಕ್ಕೊಂದು ತಾಗಿಕೊಂಡಾಗ ಮಾತ್ರ. ಬ್ಯಾಕ್ಟೀರಿಯಾದ ಎಳೆಗಳು ಶಿಲೀಂಧ್ರದ ಎಳೆಗಳನ್ನು ತಬ್ಬಿಕೊಂಡಿರುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಆಗ ಬೂಷ್ಟು ತಯಾರಿಸಿದ್ದು ಆರ್ಸೆಲಿನಿಕ್ ಆಮ್ಲ, ಅದರಿಂದ ಬರುವ ಲೆಕನೋರಿಕ್ ಆಮ್ಲ, ಜೊತೆಗೆ ಮೂಳೆ ಸವೆಸುವ ಕ್ಯಾಥೆಪ್ಸಿನ್ ಕೆ ಎಂಬ ಕಿಣ್ವವನ್ನು ತಡೆಯುವ ಅಣುಗಳು. ಲೆಕನೋರಿಕ್ ಆಮ್ಲ ಸಾಮಾನ್ಯವಾಗಿ ಸಿಗುವುದು ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವುಗಳಲ್ಲಿ. ಕಲ್ಲುಹೂವೆಂದರೆ ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವಿ ತಾನೆ. ಒಂಟಿ ಬೂಷ್ಟೊಂದು ಸಹವಾಸ ಸಿಕ್ಕ ಕೂಡಲೇ ಸಹವಾಸದ ಜೀವಿಗಳ ಅಣುವನ್ನು ತಯಾರಿಸಿತು ಎಂಬುದನ್ನು ಮೊದಲ ಸಲ ಓದಿದಾಗ ನಾನು ಪುಟ ತಿರುಗಿಸಲೇ ಇಲ್ಲ, ಅದನ್ನೇ ಮತ್ತೆ ಓದಿದೆ.

ಒಳಗೆ ನಡೆದದ್ದೇನು ಎಂಬುದನ್ನೂ ಅವರೇ 2011ರಲ್ಲಿ ತೋರಿಸಿದರು. ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಬ್ಯಾಕ್ಟೀರಿಯಾ ತಾಗಿದಾಗ ಬೂಷ್ಟಿನ ಒಂದು ಕಿಣ್ವ ಆ ಹಿಸ್ಟೋನುಗಳಿಗೆ ಅಸಿಟೈಲ್ ಗುಂಪನ್ನು ಅಂಟಿಸುತ್ತದೆ, ಸುತ್ತು ಸಡಿಲವಾಗುತ್ತದೆ, ಜೀನ್‌ಗಳು ಓದಲು ಸಿಗುತ್ತವೆ. ಪಕ್ಕದ ಮನೆಯ ಬ್ಯಾಕ್ಟೀರಿಯಾ ಇನ್ನೊಂದು ಜೀವಿಯ ಡಿಎನ್‌ಎ ಸುತ್ತನ್ನೇ ಬದಲಾಯಿಸುತ್ತದೆ!

ಆ ಒಂದೇ ಒಂದು ಬ್ಯಾಕ್ಟೀರಿಯಾ ಯಾವುದು ಗೊತ್ತೆ? ಸ್ಟ್ರೆಪ್ಟೋಮೈಸಿಸ್ ರಾಪಾಮೈಸಿನಿಕಸ್. 1964ರಲ್ಲಿ ಹೊರಟ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ತಂದ ಮಣ್ಣಿನಲ್ಲಿದ್ದದ್ದು. ಅದರಿಂದ ರಾಪಾಮೈಸಿನ್ ಎಂಬ ಔಷಧಿಯನ್ನು ಬೇರ್ಪಡಿಸಿದವರಲ್ಲಿ ಪ್ರಮುಖರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದ ಸುರೇನ್ ಸೆಹಗಲ್. ಕಿಡ್ನಿ ಕಸಿ ಮಾಡಿಸಿಕೊಂಡ ಕೆಲವರು ಇವತ್ತು ಸಿರೋಲಿಮಸ್ ಎಂಬ ಹೆಸರಿನಲ್ಲಿ ನುಂಗುವುದು ಇದನ್ನೇ. ಆದರೆ ಬೂಷ್ಟನ್ನು ಎಬ್ಬಿಸುವುದು ರಾಪಾಮೈಸಿನ್ ಅಲ್ಲ. ಅದೇ ಬ್ಯಾಕ್ಟೀರಿಯಾ ಮಾಡುವ ಅಝಲೊಮೈಸಿನ್ ಬಳಗದ ಬೇರೆ ಅಣುಗಳು ಎಂದು ಇತ್ತೀಚೆಗೆ ತಿಳಿಯಿತು.

ತಾಗಲೇಬೇಕು ಎಂಬುದು ಎಲ್ಲ ಕಡೆ ನಿಯಮವೇನಲ್ಲ. ಜಪಾನಿನಲ್ಲಿ ಹಿರೊಯಾಸು ಓನಾಕ ಮತ್ತು ಸಂಗಡಿಗರು ಸ್ಟ್ರೆಪ್ಟೋಮೈಸಿಸ್‌ಗಳ ಜೊತೆ ಸುಕಮುರೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಸಿದಾಗ ಹೆಚ್ಚಿನ ತಳಿಗಳು ತಯಾರಿಕೆಯ ರೀತಿಯನ್ನೇ ಬದಲಿಸಿದವು, ಆಲ್ಕಿವೆಮೈಸಿನ್ ಎಂಬ ಹೊಸ ಆಂಟಿಬಯಾಟಿಕ್ಕೇ ಸಿಕ್ಕಿತು. ಅಲ್ಲೂ ಜೀವಂತ ಕೋಶ ಬೇಕು, ತಾಗಿಕೊಂಡೇ ಇರಬೇಕು. ಆದರೆ 2011ರಲ್ಲೇ ಬಂದ ಇನ್ನೊಂದು ಕೆಲಸದಲ್ಲಿ ಸ್ಟ್ರೆಪ್ಟೋಮೈಸಿಸ್ ಸೀಲಿಕಲರ್‌ಗೆ ಸತ್ತ ಬ್ಯಾಸಿಲಸ್ ಕೋಶಗಳನ್ನು ಹಾಕಿದರೂ ಪ್ರೊಡಿಜಿಯೋಸಿನ್ ಬಳಗದ ಕೆಂಪು ಹೆಚ್ಚಾಯಿತು. ಮಿಕ್ಸೊಕಾಕಸ್ ಎಂಬ ಬೇಟೆಗಾರ ಬ್ಯಾಕ್ಟೀರಿಯಾ ಬಳಿ ಬಂದಾಗ ಅದೇ ಸೀಲಿಕಲರ್ ಆಕ್ಟಿನೊರೋಡಿನ್ ತಯಾರಿಕೆಯನ್ನು ಸುಮಾರು 20 ಪಟ್ಟಿನವರೆಗೆ ಏರಿಸುತ್ತದೆ. ಬೇಟೆಗಾರ ಸುತ್ತಲಿನ ಕಬ್ಬಿಣವನ್ನು ಕಬ್ಬಿಣ ಹಿಡಿಯುವ ತನ್ನ ಅಣುಗಳಿಂದ ಬಾಚಿಕೊಂಡುಬಿಡುವುದು, ಆ ಕಬ್ಬಿಣದ ಅಭಾವವನ್ನು ಇದು ಗ್ರಹಿಸುವುದು ಅದಕ್ಕೆ ಮುಖ್ಯ ಕಾರಣ ಎಂದು ಆಮೇಲೆ ಗೊತ್ತಾಯಿತು. ಆಂಟಿಬಯಾಟಿಕ್ಕುಗಳೇ ಸಂಕೇತವಾಗುವುದೂ ಉಂಟು. ಮೂತ್ರದ ಸೋಂಕಿಗೆ ಕೊಡುವ ಟ್ರೈಮೆಥೊಪ್ರಿಮ್ಮನ್ನು ಕೊಲ್ಲದಷ್ಟು ಸಣ್ಣ ಪ್ರಮಾಣದಲ್ಲಿ ಬರ್ಕೋಲ್ಡೇರಿಯಾ ಬ್ಯಾಕ್ಟೀರಿಯಾಕ್ಕೆ ಕೊಟ್ಟಾಗ ಅದರ ಸುಮ್ಮನಿದ್ದ ಜೀನ್‌ಗಳು ಎದ್ದವು, 2014ರ ಕೆಲಸ. ದೊಡ್ಡ ಪ್ರಮಾಣದಲ್ಲಿ ವಿಷ, ಸಣ್ಣ ಪ್ರಮಾಣದಲ್ಲಿ ಸುದ್ದಿ. ಮಣ್ಣಿನಲ್ಲಿ ಬಹುಶಃ ಈ ಎರಡನೆಯದೇ ಹೆಚ್ಚು ನಡೆಯುತ್ತದೆ ಎಂಬುದು ನನ್ನ ನಂಬಿಕೆ.

ಇಷ್ಟೆಲ್ಲ ಹೇಳಿದ ಮೇಲೆ ಎಚ್ಚರಿಕೆಯನ್ನೂ ಹೇಳಬೇಕು, ಯಾಕೆಂದರೆ ಮಕ್ಕಳು ಒಂದು ಉಂಗುರ ಕಂಡ ಕೂಡಲೇ ಔಷಧಿ ಸಿಕ್ಕಿತೆಂದು ಮನೆಗೆ ಫೋನ್ ಮಾಡುತ್ತಾರೆ. 2001ರಲ್ಲಿ ಸಮುದ್ರದ ಶಿಲೀಂಧ್ರವೊಂದನ್ನು ಸಮುದ್ರದ ಬ್ಯಾಕ್ಟೀರಿಯಾ ಜೊತೆ ಬೆಳೆಸಿದಾಗ ಪೆಸ್ಟಲೋನ್ ಎಂಬ ಅಣು ಸಿಕ್ಕಿತು. ಮೆಥಿಸಿಲಿನ್ ಔಷಧಿಗೆ ಬಗ್ಗದ ಸ್ಟಾಫಿಲೊಕಾಕಸ್ ರೋಗಾಣುವನ್ನು ಅತಿ ಸಣ್ಣ ಪ್ರಮಾಣದಲ್ಲೇ ತಡೆಯುತ್ತದೆ ಎಂದು ದೊಡ್ಡ ಸುದ್ದಿಯಾಯಿತು. ಮುಂದೆ ರಸಾಯನಶಾಸ್ತ್ರಜ್ಞರು ಅದನ್ನು ಲ್ಯಾಬಿನಲ್ಲೇ ಕಟ್ಟಿ ಪರೀಕ್ಷಿಸಿದಾಗ ಅಷ್ಟು ಬಲ ಕಾಣಲಿಲ್ಲ. ನಮ್ಮ ಮಾಗಡಿಯ ಕೆಂಪೂ ಜಗತ್ತಿಗೆ ಹೊಸದಾಗಿರುವ ಸಂಭವ ಕಡಿಮೆ. ಅದು ಯಾವ ಅಣು ಎಂದು ತೂಕ ನೋಡಿ ಹೇಳುವ ಮಾಸ್ ಸ್ಪೆಕ್ಟ್ರೋಮೀಟರ್ ನಮ್ಮಲ್ಲಿಲ್ಲ, ಊರಿನ ಬೇರೆ ಸಂಸ್ಥೆಗೆ ಸ್ಯಾಂಪಲ್ ಕಳಿಸಿದ್ದೇವೆ. ನನಗೆ ಅಣು ಹಳೆಯದಾದರೂ ಬೇಸರವಿಲ್ಲ. ಅದನ್ನು ಎಬ್ಬಿಸಿದ ಸಂಕೇತ ಯಾವುದು ಎಂಬುದೇ ಬೆಲೆಬಾಳುವ ಪ್ರಶ್ನೆ.

ಬೆಲೆಬಾಳುವುದು ಯಾಕೆಂದರೆ, ಎರಡು ಜೀವಿಗಳನ್ನು ಪ್ಲೇಟಿನಲ್ಲಿ ಸಾಕಿದಷ್ಟು ಸುಲಭವಾಗಿ ಸಾವಿರಾರು ಲೀಟರಿನ ಟ್ಯಾಂಕಿನಲ್ಲಿ ಸಾಕಲಾಗುವುದಿಲ್ಲ. ಫರ್ಮೆಂಟೇಶನ್ ಬೆಂಗಳೂರಿಗೆ ಹೊಸದಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್‌ಗಳನ್ನೂ, ಕಸಿಯ ನಂತರ ಕೊಡುವ ಔಷಧಿಗಳನ್ನೂ ಸೂಕ್ಷ್ಮಜೀವಿಗಳಿಂದ ಮಾಡಿಸುವ ಬಯೋಕಾನ್ ಈ ಊರಿನದೇ. ನನ್ನ ಹಳೆಯ ವಿದ್ಯಾರ್ಥಿಗಳು ಬೊಮ್ಮಸಂದ್ರ, ಜಿಗಣಿ ಕಡೆಯ ಕಾರ್ಖಾನೆಗಳಲ್ಲಿದ್ದಾರೆ. ಟ್ಯಾಂಕಿಗೆ ಬೇರೆ ಬ್ಯಾಕ್ಟೀರಿಯಾ ನುಗ್ಗಿತು ಎಂದರೆ ಅವರಿಗೆ ಇಡೀ ಬ್ಯಾಚ್ ನಷ್ಟ. ಬೇಕೆಂದೇ ಎರಡನ್ನು ಹಾಕಿ ಎನ್ನುವ ಮಾತು ಅವರ ಕಿವಿಗೆ ಹಿಡಿಸುವುದಿಲ್ಲ, ಅದು ನ್ಯಾಯವೇ. ಅರ್ಧ ಗಂಟೆಗೆ ದುಪ್ಪಟ್ಟಾಗುವ ಬ್ಯಾಸಿಲಸ್ ಎಲ್ಲಿ, ಗಂಟೆಗಟ್ಟಲೆ ತೆಗೆದುಕೊಳ್ಳುವ ಸ್ಟ್ರೆಪ್ಟೋಮೈಸಿಸ್ ಎಲ್ಲಿ! ಆದರೆ ಸಂಕೇತದ ಅಣು ಗೊತ್ತಾದರೆ ಪಕ್ಕದ ಜೀವಿ ಬೇಕಾಗಿಲ್ಲ, ಆ ಅಣುವನ್ನೇ ಹಾಕಬಹುದು. ಇಲ್ಲವೇ ಯಾವ ಜೀನ್ ಗೊಂಚಲು ಎದ್ದಿತೆಂದು ತಿಳಿದುಕೊಂಡು ಅದನ್ನು ಯಾವಾಗಲೂ ಎಚ್ಚರವಾಗಿರುವಂತೆ ತಿದ್ದಬಹುದು.

ಹೋದ ವರ್ಷ ನಮ್ಮ ಚಿಕ್ಕಪ್ಪನಿಗೆ ಆಪರೇಷನ್ ಆದ ಮೇಲೆ ಸೋಂಕು ಹತ್ತಿತು. ಒಂದರ ಮೇಲೊಂದು ಆಂಟಿಬಯಾಟಿಕ್ ಕೊಟ್ಟರೂ ಬಗ್ಗದೆ ಕೊನೆಗೆ ಡಾಕ್ಟರು ಕೊಲಿಸ್ಟಿನ್ ಬರೆದರು. ಎಪ್ಪತ್ತು ವರ್ಷಕ್ಕೂ ಹಳೆಯ ಔಷಧಿ ಅದು, ಮಣ್ಣಿನ ಬ್ಯಾಕ್ಟೀರಿಯಾದಿಂದಲೇ ಬಂದದ್ದು, ಕಿಡ್ನಿಗೆ ಪೆಟ್ಟು ಎಂದು ಒಂದು ಕಾಲದಲ್ಲಿ ಪಕ್ಕಕ್ಕೆ ಸರಿಸಿದ್ದದ್ದು. ದಿನಾ ಬೆಳಿಗ್ಗೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟಿಗೆ ಕಾಯುತ್ತಾ ವಾರ್ಡಿನ ಹೊರಗೆ ಕೂತಿದ್ದಾಗ ಚಿಕ್ಕಮ್ಮ ಕೇಳಿದರು: "ಅಲ್ಲಮ್ಮಾ, ಇದಕ್ಕಿಂತ ಹೊಸದು ಏನೂ ಇಲ್ವಾ?" ಅವರು ನನ್ನನ್ನು ಕೇಳಿದ್ದು ನಾನು ಇದೇ ವಿಷಯ ಓದಿದವಳು ಎಂದು. ಚಿಕ್ಕಪ್ಪ ಚೇತರಿಸಿಕೊಂಡರು. ಆ ಪ್ರಶ್ನೆ ಮಾತ್ರ ನನ್ನ ಜೊತೆ ಲ್ಯಾಬಿಗೆ ಬರುತ್ತದೆ.

ಮಕ್ಕಳಿಗೆ ಇದೆಲ್ಲ ಎಲ್ಲೋ ಜರ್ಮನಿ, ಜಪಾನಿನವರ ಕೆಲಸ ಎನ್ನಿಸಬಾರದು ಎಂದು ಎಂ. ಜೆ. ತಿರುಮಲಾಚಾರ್ ಅವರ ಬಗ್ಗೆ ಹೇಳುತ್ತೇನೆ. ಪುಣೆಯ ಹತ್ತಿರದ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದ ಶಿಲೀಂಧ್ರ ವಿಜ್ಞಾನಿ. ಅಲ್ಲಿಯ ಮಣ್ಣಿನ ಸ್ಟ್ರೆಪ್ಟೋಮೈಸಿಸ್ಸಿನಿಂದ ಶಿಲೀಂಧ್ರ ಸೋಂಕಿಗೆ ಹ್ಯಾಮೈಸಿನ್, ಬೆಳೆಗಳ ಬೂಷ್ಟು ರೋಗಕ್ಕೆ ಆರಿಯೋಫಂಗಿನ್ ಅವರ ಕಾಲದಲ್ಲಿ ಬಂದವು. ನಮ್ಮ ಮಣ್ಣಿನಿಂದ, ನಮ್ಮವರ ಕೈಯಲ್ಲಿ.

ಈಗ ಭವ್ಯಾಳ ಪ್ಲೇಟಿನ ಕೆಲಸ ಎಲ್ಲಿಗೆ ಬಂದಿದೆ ಎಂದು ಹೇಳಿ ಮುಗಿಸುತ್ತೇನೆ. ಅಗಾರಿನ ಮೇಲೆ ಸೆಲೊಫೇನ್ ಹಾಳೆ ಹಾಸಿ ಅದರ ಮೇಲೆ ಬ್ಯಾಸಿಲಸ್ ಬೆಳೆಸಿದಳು. ಆಮೇಲೆ ಹಾಳೆಯನ್ನು ಚಿಮಟದಿಂದ ಕೋಶಗಳ ಸಮೇತ ಎತ್ತಿ ತೆಗೆದು, ಬರಿಯ ಅಗಾರಿನ ಮೇಲೆ ಸ್ಟ್ರೆಪ್ಟೋಮೈಸಿಸ್ ಗೀರಿದಳು. ಕೆಂಪು ಬಂತು, ಸ್ವಲ್ಪ ತಿಳಿಯಾಗಿ. ಅಂದರೆ ನಮ್ಮ ಜೋಡಿಯಲ್ಲಿ ತಾಗಿಕೊಂಡಿರುವುದು ಕಡ್ಡಾಯವಲ್ಲ. ಬ್ಯಾಸಿಲಸ್ ಅಗಾರಿಗೆ ಏನನ್ನೋ ಬಿಟ್ಟಿದೆ, ಇಲ್ಲವೇ ಅಲ್ಲಿಂದ ಏನನ್ನೋ ತಿಂದು ಮುಗಿಸಿದೆ. ತಿಂದದ್ದು ಕಬ್ಬಿಣವೇ ಇರಬಹುದೆಂದು, ಬ್ಯಾಸಿಲಸ್‌ಗಳೂ ಕಬ್ಬಿಣ ಬಾಚುವ ಅಣು ಮಾಡುವುದರಿಂದ, ಫೆರಿಕ್ ಕ್ಲೋರೈಡ್ ಸೇರಿಸಿದ ಅಗಾರಿನಲ್ಲೂ ಜೋಡಿಯನ್ನು ಬೆಳೆಸಿ ನೋಡಿದಳು. ಅಲ್ಲೂ ಕೆಂಪು ಬಂದಿತು. ಹಾಗಾಗಿ ಕಬ್ಬಿಣದ ಅಭಾವ ಒಂದೇ ಕಾರಣವಲ್ಲ.

ಜೂನಿಯರ್ ಬ್ಯಾಚಿನ ಹುಡುಗನೊಬ್ಬ ಜುಲೈಯಿಂದ ಇದನ್ನು ಮುಂದುವರಿಸುತ್ತಾನೆ. ಬ್ಯಾಸಿಲಸ್ ಬೆಳೆದ ದ್ರವವನ್ನು ಸೋಸಿ, ಒಂದು ಭಾಗವನ್ನು ಕುದಿಸಿ, ಒಂದಕ್ಕೆ ಪ್ರೋಟೀನ್ ಕತ್ತರಿಸುವ ಕಿಣ್ವ ಹಾಕಿ, ಒಂದನ್ನು ಈಥೈಲ್ ಅಸಿಟೇಟಿನಲ್ಲಿ ಬಸಿದು, ಯಾವ ಭಾಗದ ಹನಿಗೆ ಸ್ಟ್ರೆಪ್ಟೋಮೈಸಿಸ್ ಕೆಂಪಾಗುತ್ತದೆ ಎಂದು ನೋಡಬೇಕು. ಕುದಿಸಿದರೂ ಗುಣ ಉಳಿದು, ಅಸಿಟೇಟಿನ ಭಾಗಕ್ಕೆ ಹೋದರೆ ಸಣ್ಣ ಅಣು ಎಂದು ಹಿಡಿದು ಅದರ ಹಿಂದೆ ಹೋಗುತ್ತೇವೆ. ಕುದಿಸಿದ್ದರಲ್ಲಿ ಗುಣ ಹೋದರೆ ಪ್ರೋಟೀನಿನ ಕಡೆ ತಿರುಗುತ್ತೇವೆ. ಎರಡೂ ತಳಿಗಳ ಗ್ಲಿಸರಾಲ್ ಸ್ಟಾಕ್ (ಗ್ಲಿಸರಾಲಿನಲ್ಲಿ ಕಾಪಿಟ್ಟ ಮಾದರಿ) ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿದೆ. ಈ ಕೆಲಸ ಮಾಡುವ ಬೇರೆ ಕಾಲೇಜಿನವರು ಯಾರಾದರೂ ಕೇಳಿದರೆ ಕೊಡಲು ಸಿದ್ಧಳಿದ್ದೇನೆ.